ಮನೆಯಲ್ಲಿ ವಚನ ಗಾಯನ ಧ್ವನಿಮುದ್ರಿಸಲು 15,000 ರೂಪಾಯಿಯೊಳಗೆ ಯಾವ ಮೈಕ್ ಸೂಕ್ತ?

ಪ್ರಶ್ನೆ: ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ರಿಯಾಜಿನ ಜೊತೆಗೆ ವಚನ ಮತ್ತು ತತ್ವಪದಗಳನ್ನು ನಾನೇ ಪೇಟಿ (ಹಾರ್ಮೋನಿಯಂ) ನುಡಿಸಿಕೊಂಡು ಹಾಡುವ ರೂಢಿಯಿದ್ದು, ಅವನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿ ಗುರುಗಳಿಗೆ ಕಳಿಸಿ ತಿದ್ದಿಸಿಕೊಳ್ಳಬೇಕು, ಚೆನ್ನಾಗಿ ಬಂದವನ್ನು ಯೂಟ್ಯೂಬಿಗೂ ಹಾಕಬೇಕು ಎಂಬ ಆಸೆಯಿದೆ. ಈವರೆಗೆ ಮೊಬೈಲಿನಲ್ಲಿಯೇ ಮುದ್ರಿಸುತ್ತಿದ್ದೆ. ಅದರಲ್ಲಿ ಮೇಲಿನ ತಾರ ಷಡ್ಜ ಮುಟ್ಟಿದೊಡನೆ ಧ್ವನಿ ಒಡೆಯುತ್ತದೆ, ಕೆಳಗಿನ ಮಂದ್ರಕ್ಕೆ ಇಳಿದರೆ ಪೇಟಿಯೊಂದೇ ಕೇಳಿಸುತ್ತದೆ.

ಕಳೆದ ವರ್ಷ ಆನ್‌ಲೈನಿನಲ್ಲಿ ಒಂದು ಅಗ್ಗದ ಕಂಡೆನ್ಸರ್ ಮೈಕ್ ತರಿಸಿ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. ಹಾಡಿಗಿಂತ ಹೆಚ್ಚಾಗಿ "ಸುಯ್" ಎಂಬ ಸದ್ದೇ ಮುದ್ರಣವಾಯಿತು. ಹೀಗಾಗಿ ಎರಡನೆಯ ಸಲ ದುಡ್ಡು ಹಾಳು ಮಾಡಿಕೊಳ್ಳಲು ಮನಸ್ಸಿಲ್ಲ.

ನನ್ನ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಮೇಲೆ ಆರ್‌ಸಿಸಿ ಸ್ಲ್ಯಾಬು, ಕೆಳಗೆ ಶಹಾಬಾದ ಫರ್ಸಿ. ಒಂದು ಕಿಟಕಿ ರಸ್ತೆಯ ಕಡೆಗಿದೆ. ನನ್ನ ಷಡ್ಜ ಕರಿ ಐದು, ಅಂದರೆ ಪೇಟಿಯ ಐದನೆಯ ಕಪ್ಪು ಮನೆ. ಮೈಕು, ಅದಕ್ಕೆ ಬೇಕಾದ ಉಳಿದ ಸಾಮಾನು ಎಲ್ಲ ಸೇರಿ 15,000 ರೂಪಾಯಿ ಒಟ್ಟುಗೂಡಿಸಿದ್ದೇನೆ. ಡೈನಮಿಕ್ ತೆಗೆದುಕೊಳ್ಳಬೇಕೋ ಕಂಡೆನ್ಸರ್ ತೆಗೆದುಕೊಳ್ಳಬೇಕೋ ಎಂಬುದೇ ಮುಖ್ಯ ಗೊಂದಲ. ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಉತ್ತರ: ದುರ್ಗದಬೈಲ್ ಸೌಂಡ್ಸ್‌ನವ, ಹುಬ್ಬಳ್ಳಿ

ನಮಸ್ಕಾರ ತಂಗಿ. ಇಪ್ಪತ್ತು ವರ್ಷಗಳಿಂದ ಜಾತ್ರೆ, ಮಠದ ಪುರಾಣ, ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿರುವವನು ನಾನು. ನನ್ನ ಮಾತು ಕೇಳುವುದಾದರೆ ಕಣ್ಣು ಮುಚ್ಚಿ ಶೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕ್ ತೆಗೆದುಕೊಳ್ಳಿರಿ. 1966ರಲ್ಲಿ ಬಂದ ಮೈಕು ಅದು; ಇಂದಿಗೂ ವೇದಿಕೆಯ ಮೇಲೆ ಅದರ ಜಾಗ ಕದಲಿಲ್ಲ. ಕೈಜಾರಿ ಬಿದ್ದರೂ ಕೆಲಸ ಮಾಡುತ್ತದೆ, ಬ್ಯಾಟರಿ ಬೇಡ, ಕರೆಂಟ್ ಬೇಡ. ಒಳಗೆ ತೆಳುವಾದ ಪೊರೆಗೆ ಅಂಟಿಕೊಂಡ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡಿ ತಾನೇ ಸಂಕೇತವನ್ನು ಹುಟ್ಟಿಸುತ್ತದೆ. ಕಂಡೆನ್ಸರಿಗೆ ಹಾಗಲ್ಲ, ಇಂಟರ್‌ಫೇಸಿನಿಂದ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮೈಕಿನ ತಂತಿಯಲ್ಲಿಯೇ 48 ವೋಲ್ಟ್ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್ ಹರಿಯಬೇಕು. ನೀವು ತರಿಸಿದ ಮೈಕು ಸುಯ್‌ಗುಟ್ಟಿದ್ದಕ್ಕೆ ಲ್ಯಾಪ್‌ಟಾಪಿನ ಸಾಕೆಟ್ಟಿನಲ್ಲಿ ಆ ವೋಲ್ಟೇಜು ಸಿಗದೇ ಹೋದದ್ದೇ ಮುಖ್ಯ ಕಾರಣವಿರಬೇಕು.

ಕಂಡೆನ್ಸರ್ ಎಂದರೆ ಬೀದಿಯ ನಾಯಿ, ಅಡುಗೆಮನೆಯ ಕುಕ್ಕರ್ ಸೀಟಿ, ಫ್ಯಾನು ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಡೈನಮಿಕ್ ಬಾಯಿಯ ಮುಂದಿನದನ್ನು ಮಾತ್ರ ಹಿಡಿಯುತ್ತದೆ. ನಿಮ್ಮದು ರಸ್ತೆಯ ಬದಿಯ ಮನೆ, ಆದ್ದರಿಂದ ಯೋಚಿಸಿರಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಈ ಮೈಕಿನ ನಕಲಿ ಮಾಲು ಪೇಟೆಯ ತುಂಬ ಇದೆ. ನಾನೇ ಒಮ್ಮೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಎರಡು ತಂದು ಮೋಸಹೋದೆ. ನೋಡಲು ಜಾಳಿಗೆ, ಬಣ್ಣ, ಪೆಟ್ಟಿಗೆ ಎಲ್ಲ ಅಸಲಿಯಂತೆಯೇ ಇದ್ದವು. ಸಂಶಯ ಬಂದು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಮುಳ್ಳು 250 ಗ್ರಾಂ ಕೂಡ ಮುಟ್ಟಲಿಲ್ಲ; ಅಸಲಿ ಮೈಕು 298 ಗ್ರಾಂ ತೂಗುತ್ತದೆ. ಅಧಿಕೃತ ಮಾರಾಟಗಾರರಲ್ಲಿ ಬಿಲ್ ಸಮೇತ ಕೊಳ್ಳಿರಿ.

ಉತ್ತರ: ಬೆಟಗೇರಿಯ ಮನೆ ಸ್ಟುಡಿಯೊ, ಗದಗ

ಹುಬ್ಬಳ್ಳಿಯ ಅಣ್ಣನವರ ಅನುಭವಕ್ಕೆ ಗೌರವವಿದೆ, ನಕಲಿ ಮೈಕಿನ ವಿಷಯದಲ್ಲಿ ಅವರ ಮಾತು ಅಕ್ಷರಶಃ ನಿಜ. ಆದರೆ "ಡೈನಮಿಕ್ ದೂರದ ಸದ್ದನ್ನು ಹಿಡಿಯುವುದಿಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ. ಅವರು ಹೇಳುವ ಎರಡೂ ಬಗೆಯ ಮೈಕುಗಳು ಸಾಮಾನ್ಯವಾಗಿ ಕಾರ್ಡಿಯಾಯ್ಡ್, ಅಂದರೆ ಮುಂದಿನದನ್ನು ಹೆಚ್ಚು, ಬೆನ್ನಿನ ಕಡೆಯದನ್ನು ಅತಿ ಕಡಿಮೆ ಹಿಡಿಯುವಂಥವು. ಎರಡನ್ನೂ ಬಾಯಿಯಿಂದ ಒಂದೇ ಅಂತರದಲ್ಲಿ ಇಟ್ಟು, ಧ್ವನಿಯ ಮಟ್ಟವನ್ನು ಸಮ ಮಾಡಿಕೊಂಡು ಕೇಳಿದರೆ ಕೋಣೆಯ ಸದ್ದು ಎರಡರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಂಡೆನ್ಸರು ತೀಕ್ಷ್ಣ ಸ್ವರಭಾಗವನ್ನು ಹೆಚ್ಚು ಸ್ಪಷ್ಟವಾಗಿ ಹಿಡಿಯುವುದರಿಂದ ಕೋಣೆಯ ಝಣಝಣವೂ ತುಸು ಎದ್ದು ಕಾಣುತ್ತದೆ, ಅಷ್ಟೇ. ವೇದಿಕೆಯಲ್ಲಿ ಎಸ್‌ಎಂ58 ಸುತ್ತಲಿನದನ್ನು ಹಿಡಿಯದಂತೆ ತೋರುವುದು ಗಾಯಕರು ಅದನ್ನು ತುಟಿಗೆ ಹಚ್ಚಿಕೊಂಡೇ ಹಾಡುವುದರಿಂದ. ಬಾಯಿಯಿಂದ ಮೈಕಿನ ಅಂತರ ಎರಡು ಪಟ್ಟಾದರೆ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗೆ ಬಡಿದು ಕೋಣೆಯ ತುಂಬ ಸುತ್ತಾಡುವ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಪ್ರಶ್ನೆ ಮೊದಲು ಅಂತರದ್ದು, ಬಳಿಕ ಕೋಣೆಯದು, ಆಮೇಲೆ ಮೈಕಿನದು.

ಹಾಗಾದರೆ ತುಟಿಗೆ ಹಚ್ಚಿಕೊಂಡೇ ಹಾಡಬಹುದಲ್ಲ ಎಂದರೆ, ಖ್ಯಾಲ್ ಕಲಿತವರಿಗೆ ಅದು ಒಗ್ಗುವುದಿಲ್ಲ. ನಮ್ಮ ಗದಗ ಜಿಲ್ಲೆಯವರೇ ಆದ ಪಂಡಿತ ಭೀಮಸೇನ ಜೋಶಿಯವರು ಹಾಡುವುದನ್ನು ನೋಡಿದವರಿಗೆ ಗೊತ್ತು, ವೇಗದ ತಾನ್‌ಗಳು ಬಂದಾಗ ಮೈಯೆಲ್ಲ ಹಾಡುತ್ತಿತ್ತು. ನಾಲ್ಕು ಬೆರಳು ದೂರದಲ್ಲಿ ಮೈಕಿದ್ದು ನೀವು ಇನ್ನೂ ನಾಲ್ಕು ಬೆರಳು ಹಿಂದೆ ಸರಿದರೆ ಧ್ವನಿ ಅರ್ಧಕ್ಕೆ ಇಳಿಯುತ್ತದೆ. ಒಂದು ಗೇಣು ದೂರದಲ್ಲಿದ್ದರೆ ಅಷ್ಟೇ ಸರಿದಾಟ ಅಷ್ಟಾಗಿ ತಿಳಿಯುವುದಿಲ್ಲ. ಜೊತೆಗೆ ಕಾರ್ಡಿಯಾಯ್ಡ್ ಮೈಕು ಬಾಯಿಗೆ ತೀರ ಹತ್ತಿರವಾದರೆ ಮಂದ್ರ ಊದಿಕೊಂಡು, ಇಲ್ಲದ ಗಡಸುತನ ಬರುತ್ತದೆ. ಒಂದು ಗೇಣಿನ ದೂರದಲ್ಲಿ, ಅದೂ ಮೆಲ್ಲಗೆ ಹಾಡುವ ವಚನಕ್ಕೆ, ಎಸ್‌ಎಂ58ರ ಸಂಕೇತ ಬಹಳ ಸಣ್ಣದು. ಅದರ ಸಂವೇದನೆ ಪ್ರತಿ ಪಾಸ್ಕಲಿಗೆ (ಧ್ವನಿಯ ಒತ್ತಡದ ಅಳತೆ) 1.85 ಮಿಲಿವೋಲ್ಟ್, ಆಡಿಯೋ-ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರಿನದು ಸುಮಾರು 14 ಮಿಲಿವೋಲ್ಟ್. ಅಗ್ಗದ ಇಂಟರ್‌ಫೇಸಿನಲ್ಲಿ ಸಂಕೇತವನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುವಿದಾಗ ಬರುವ ಸುಯ್ ಸದ್ದಿಗೆ ಇದೇ ಮೂಲ.

ನನ್ನ ಸಲಹೆ ಎಟಿ2020. ಅದರ ಸ್ವಂತ ಗದ್ದಲ, ಅಂದರೆ ಮೌನದಲ್ಲಿಯೂ ಮೈಕು ತಾನೇ ಹುಟ್ಟಿಸುವ ಸದ್ದು, 20 ಡೆಸಿಬೆಲ್ ಇದೆ. ರೋಡ್ ಎನ್‌ಟಿ1-ಎ ಮೈಕಿನದು ಕೇವಲ 5, ಆದರೆ ಅದನ್ನು ಕೊಂಡರೆ ನಿಮ್ಮ ಹಣ ಅಲ್ಲಿಗೇ ಮುಗಿಯುತ್ತದೆ. ನಸುಕಿನ ನಾಲ್ಕಕ್ಕೂ ರಸ್ತೆಯ ಸದ್ದು ನಿಲ್ಲದ ಕೋಣೆಯಲ್ಲಿ ಆ 15 ಡೆಸಿಬೆಲ್ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ. ಇಂಟರ್‌ಫೇಸ್ ಮಾತ್ರ 48 ವೋಲ್ಟ್ ಇರುವಂಥದ್ದು, ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ. ಕೊಳ್ಳುವ ಮುನ್ನ ಎದುರಿಗೇ ಜೋಡಿಸಿ ಕೇಳಿರಿ.

ಈಗ ಕೋಣೆ. ಸ್ಲ್ಯಾಬು, ಫರ್ಸಿ, ಸುಣ್ಣದ ಗೋಡೆ ಎಂದರೆ ಡಬ್ಬಿಯೊಳಗೆ ಕುಳಿತು ಹಾಡಿದಂತೆ. ಪೇಟೆಯಲ್ಲಿ ಮಾರುವ ಒಂದಿಂಚಿನ ಸ್ಪಂಜಿನ ಹಾಳೆಗಳಿಗೆ ದುಡ್ಡು ಹಾಕಬೇಡಿರಿ. ಅಜ್ಜಿ ಹೊಲಿದ ಕೌದಿಗಳು ಟ್ರಂಕಿನಲ್ಲಿ ಇರುತ್ತವಲ್ಲ, ಐದಾರು ಪದರದ ಹಳೆಯ ಸೀರೆ, ಧೋತರದ ಆ ಭಾರವೇ ನಮಗೆ ಬೇಕಾದದ್ದು. ಎರಡನ್ನು ನಿಮ್ಮ ಬೆನ್ನ ಹಿಂದೆ ಹಗ್ಗಕ್ಕೆ ತೂಗುಬಿಡಿರಿ, ಒಂದನ್ನು ಫರ್ಸಿಯ ಮೇಲೆ ಹಾಸಿರಿ. ಬೆನ್ನ ಹಿಂದೆ ಏಕೆಂದರೆ ಮೈಕಿನ ಮುಖ ನಿಮ್ಮ ಕಡೆಗೂ, ನಿಮ್ಮ ಹಿಂದಿನ ಗೋಡೆಯ ಕಡೆಗೂ ಇರುತ್ತದೆ. ಕೌದಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಇಳಿಬಿಟ್ಟರೆ ಅದು ಇನ್ನೂ ಕೆಳಗಿನ ಸ್ವರಗಳನ್ನು ಹೀರುತ್ತದೆ. ಬಸ್ಸಿನ ಗುಡುಗುಡು ಮಾತ್ರ ಕೌದಿಗೆ ಬಗ್ಗುವುದಿಲ್ಲ. ಅದಕ್ಕೆ ಬೇರೆ ಉಪಾಯವಿದೆ: ಕರಿ ಐದರ ಷಡ್ಜ ಎಂದರೆ ಸುಮಾರು 233 ಹರ್ಟ್ಸ್, ನಿಮ್ಮ ಮಂದ್ರ ಪಂಚಮ 175ರ ಆಸುಪಾಸು. ಹೀಗಾಗಿ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 80 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಿದರೆ ಗಾಯನದ ಒಂದು ಎಳೆಯೂ ಹೋಗುವುದಿಲ್ಲ, ಬಸ್ಸಿನ ಗುಡುಗು ಬಹುಪಾಲು ಹೋಗುತ್ತದೆ.

ಪೇಟಿಯ ವಿಷಯ. ಮೈಕನ್ನು ಗದ್ದದ ಮಟ್ಟಕ್ಕಿಂತ ತುಸು ಕೆಳಗಿಟ್ಟು, ಮುಖ ಮೇಲೆತ್ತಿ ನಿಮ್ಮ ಬಾಯಿಯನ್ನು ನೋಡುವಂತೆ ವಾಲಿಸಿರಿ. ಆಗ ಅದರ ಬೆನ್ನು ಪೇಟಿಯ ಕಡೆ ತಿರುಗುತ್ತದೆ, ಪೇಟಿ ತಾನಾಗಿಯೇ ಹಿಂದೆ ಸರಿಯುತ್ತದೆ. ಎಟಿ2020ರಲ್ಲಿ ಹಾಡಬೇಕಾದದ್ದು ನೆತ್ತಿಗಲ್ಲ, ಪಕ್ಕದ ಮುಖಕ್ಕೆ. ಮೊದಲ ದಿನ ನಾನೂ ಐಸ್‌ಕ್ರೀಮಿನ ಕೋನ್ ಹಿಡಿದವನಂತೆ ತುದಿಗೆ ಹಾಡಿದ್ದೆ.

ಉತ್ತರ: ಶಾಲಾ ಸಂಗೀತ ಮಾಸ್ತರ, ಹಾವೇರಿ

ಇಷ್ಟೆಲ್ಲ ತಂತಿ, ಪೆಟ್ಟಿಗೆಗಳ ಗೋಜು ಏಕೆ? ಗುರುಗಳಿಗೆ ಕಳಿಸಿ ತಿದ್ದಿಸಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ನೇರವಾಗಿ ಕಂಪ್ಯೂಟರಿಗೆ ಚುಚ್ಚುವ ಒಂದು ಯುಎಸ್‌ಬಿ ಮೈಕ್ ಸಾಕು. ನಾನು ಮಕ್ಕಳ ಪ್ರಾರ್ಥನಾ ಗೀತೆಗಳನ್ನು ಮೂರು ವರ್ಷಗಳಿಂದ ಅದರಲ್ಲಿಯೇ ಮುದ್ರಿಸುತ್ತಿದ್ದೇನೆ. ಕೊರತೆಯೆಂದರೆ ಮುಂದೆ ಪೇಟಿಗೊಂದು, ತಬಲಾಕ್ಕೊಂದು ಮೈಕು ಬೇಕೆನಿಸಿದಾಗ ಅದು ಬೆಳೆಯುವುದಿಲ್ಲ.

ಇನ್ನೊಂದು ಮಾತು. ವಚನದಲ್ಲಿ ಪಕಾರ, ಭಕಾರಗಳು ಬಂದಾಗ ಗಾಳಿ ಹೊಡೆದು "ಡಬ್" ಎನ್ನುತ್ತದೆ. ಪಾಪ್ ಫಿಲ್ಟರ್ ಕೊಳ್ಳುವ ಬದಲು ನಮ್ಮ ಮನೆಯವರು ಕಸೂತಿಯ ರಿಂಗಿಗೆ ಹಳೆಯ ನೈಲಾನ್ ಕಾಲುಚೀಲವನ್ನು ಎರಡು ಪದರವಾಗಿ ಬಿಗಿದು ಕೊಟ್ಟರು. ಮೈಕಿನಿಂದ ನಾಲ್ಕು ಬೆರಳು ಮುಂದೆ ಅದನ್ನು ನಿಲ್ಲಿಸಿದ್ದೇನೆ, ಕೆಲಸ ನಡೆದಿದೆ.

ಪ್ರಶ್ನೆ ಕೇಳಿದವರು: ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಕೊಳ್ಳುವ ಮೊದಲು ಕೌದಿಯನ್ನೇ ಪರೀಕ್ಷಿಸೋಣವೆಂದು ಹಳೆಯ ಮೊಬೈಲನ್ನೇ ಒಂದು ಗೇಣು ದೂರವಿಟ್ಟು, ಒಂದೇ ವಚನದ ಪಲ್ಲವಿಯನ್ನು ಕೌದಿ ಇಲ್ಲದೆ ಒಮ್ಮೆ, ಮೂರು ಕೌದಿ ಹಾಕಿ ಒಮ್ಮೆ ಹಾಡಿದೆ. ಮೊದಲನೆಯದರಲ್ಲಿ ಸಾಲು ಮುಗಿದ ಮೇಲೂ ಕೊನೆಯ ಅಕ್ಷರ ಕೋಣೆಯಲ್ಲಿ ಉಳಿದು ಮುಂದಿನ ಸಾಲಿನ ಮೇಲೆ ಬಂದು ಕೂರುತ್ತಿತ್ತು. ಎರಡನೆಯದರಲ್ಲಿ ಆ ಬಾಲ ಕತ್ತರಿಸಿದಂತಾಗಿ ಮಾತು ಮಾತು ಬಿಡಿಯಾಗಿ ಕೇಳಿಸಿತು. ಹಾಡುವಾಗ ಮಾತ್ರ ನನ್ನ ಧ್ವನಿ ನನಗೇ ಸಪ್ಪೆಯೆನಿಸಿತು.

ಬಳಿಕ ಪರಿಚಯದವರಲ್ಲಿದ್ದ ಎಸ್‌ಎಂ58 ಮತ್ತು ಎಟಿ2020 ಎರಡನ್ನೂ ಒಂದು ಭಾನುವಾರ ತಂದು, ಒಂದೇ ಇಂಟರ್‌ಫೇಸಿಗೆ ಜೋಡಿಸಿ ಹಾಡಿದೆ. ತಾರ ಸಪ್ತಕದಲ್ಲಿ ಹುಬ್ಬಳ್ಳಿಯ ಅಣ್ಣನವರ ಮೈಕೇ ನನಗೆ ಹೆಚ್ಚು ಹಿಡಿಸಿತು; ಕೂಗು ಕರ್ಕಶವಾಗಲಿಲ್ಲ. ಆದರೆ ಮಂದ್ರದ ಸಾಲಿಗೆ ಗೇನ್ ಪೂರ್ತಿ ಏರಿಸಬೇಕಾಯಿತು, ಉಸಿರಿನ ನಡುವಿನ ಮೌನದಲ್ಲಿ ಸುಯ್ ಸದ್ದು ಬಂತು. ಎಟಿ2020 ತೆಗೆದುಕೊಂಡಿದ್ದೇನೆ, ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಎರಡು ಸಂಶಯ ಉಳಿದಿವೆ: ಗೇನ್ ಎಷ್ಟಿಡಬೇಕು, ಮತ್ತು ಲ್ಯಾಪ್‌ಟಾಪಿನಿಂದ ಸಣ್ಣಗೆ "ಗುಂಯ್" ಎಂಬ ಸದ್ದು ಏಕೆ ಬರುತ್ತಿದೆ?

ಉತ್ತರ: ಬೆಟಗೇರಿಯ ಮನೆ ಸ್ಟುಡಿಯೊ, ಗದಗ

ಮುದ್ರಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ, ಗುಂಯ್ ನಿಂತರೆ ಕಾರಣ ಅದೇ. ನಿಲ್ಲದಿದ್ದರೆ ಮನೆಯ ಅರ್ಥಿಂಗ್ ತೋರಿಸಿರಿ. ಗೇನನ್ನು ಮಂದ್ರಕ್ಕಲ್ಲ, ನಿಮ್ಮ ಅತಿ ಜೋರಿನ ತಾರ ಷಡ್ಜಕ್ಕೆ ಹೊಂದಿಸಿರಿ. ಅದು ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಆಸುಪಾಸು ನಿಂತರೆ ಸಾಕು. 24 ಬಿಟ್‌ನಲ್ಲಿ ಮುದ್ರಿಸಿದರೆ ಮೆಲ್ಲನೆಯ ಸಾಲನ್ನು ಆಮೇಲೆ ಏರಿಸಿಕೊಳ್ಳಬಹುದು, ಒಡೆದ ಸ್ವರವನ್ನು ಮಾತ್ರ ಕೂಡಿಸಲಾಗದು. ತಂಬೂರಿಯನ್ನು ಮೊಬೈಲಿನಿಂದ ಹೆಡ್‌ಫೋನಿಗೆ ಹಾಕಿಕೊಂಡು ಒಂದು ಕಿವಿ ಬಿಚ್ಚಿ ಹಾಡುವ ರೂಢಿಯಿದ್ದರೆ, ಬಿಚ್ಚಿದ ಬದಿಯನ್ನು ತಲೆಗೆ ಒತ್ತಿ ಹಿಡಿದಿರಲಿ. ಇಲ್ಲವಾದರೆ ಆ ತಂಬೂರಿ ಮೈಕಿನೊಳಗೆ ಸೋರುತ್ತದೆ.

ಕೇಳದ ಇನ್ನೊಂದು ವಿಷಯ: ಧಾರವಾಡದ ಮಳೆಗಾಲದ ತೇವಕ್ಕೆ ಕಂಡೆನ್ಸರ್ ಚಿಟಪಟ ಎನ್ನಲು ತೊಡಗಬಹುದು. ಹಾಡು ಮುಗಿದ ಮೇಲೆ ಸ್ಟ್ಯಾಂಡಿನಲ್ಲಿಯೇ ಬಿಡದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿರಿ. ನಮ್ಮ ಮನೆಯಲ್ಲಿ ಅದು ಚಕ್ಕುಲಿಯ ಡಬ್ಬಿಯಾಗಿತ್ತು. ವಾಸನೆ ಹೋಗಲು ವಾರ ಹಿಡಿಯಿತು, ಹೊಸ ಡಬ್ಬಿ ಕೊಳ್ಳಿರಿ.