ಕಮಾಂಡ್ ಲೈನ್ ಟೂಲ್‌ಗೆ ಎಐ ಏಜೆಂಟ್ ಓದುವಂಥ ಡಾಕ್ಯುಮೆಂಟೇಶನ್ ಬರೆಯೋದು ಹೇಗೆ?

ಗುಬ್ಬಿಗೂಡು:
ತಂಡದೊಳಗೇ ಬಳಸುವ ಒಂದು ಕಮಾಂಡ್ ಲೈನ್ ಟೂಲ್ ಇದೆ. ಬಿಲ್ಡ್, ಟೆಸ್ಟ್, ಸ್ಟೇಜಿಂಗ್‌ಗೆ ಡಿಪ್ಲಾಯ್ ಎಲ್ಲವೂ ಅದರಿಂದಲೇ. ರೀಡ್‌ಮಿ 900 ಸಾಲು ಇದೆ. ಕೋಡಿಂಗ್ ಏಜೆಂಟ್‌ಗೂ ಗೊತ್ತಿರಲಿ ಅಂತ ಅಷ್ಟನ್ನೂ ಏಜೆಂಟ್ಸ್ ಡಾಟ್ ಎಂಡಿ (AGENTS.md, ಏಜೆಂಟ್‌ಗೆ ಸೂಚನೆ ಬರೆದಿಡುವ ಫೈಲ್) ಫೈಲಿಗೆ ಹಾಕಿದ್ದೇವೆ. ಆದರೂ ಏಜೆಂಟ್ ಟೂಲ್‌ನಲ್ಲಿ ಇಲ್ಲದ ಫ್ಲ್ಯಾಗ್ (ಕಮಾಂಡ್ ಜೊತೆ ಕೊಡುವ ಆಯ್ಕೆ) ಕೊಡುತ್ತೆ, ಡಿಪ್ಲಾಯ್ ಮಧ್ಯೆ ನಿಂತುಬಿಡುತ್ತೆ, ಟೆಸ್ಟ್ ಫೇಲ್ ಆಗಿದ್ದರೂ ಎಲ್ಲ ಪಾಸ್ ಅಂತ ಹೇಳುತ್ತೆ. ಇನ್ನೂ ವಿವರವಾಗಿ ಬರೆಯಬೇಕಾ? ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಶೆಲ್_ಚಿಪ್ಪು:
ಇನ್ನಷ್ಟು ಬರೆಯಬೇಡಿ, ಇರೋದನ್ನು ಕಡಿಮೆ ಮಾಡಿ. ಆ ಫೈಲ್ ಪ್ರತಿ ಸೆಷನ್ನಿನ ಶುರುವಿನಲ್ಲೇ ಕಾಂಟೆಕ್ಸ್ಟ್‌ನಲ್ಲಿ (ಮಾಡೆಲ್ ಒಂದು ಸಲಕ್ಕೆ ನೋಡಬಲ್ಲ ಪಠ್ಯದಲ್ಲಿ) ಜಾಗ ಹಿಡಿಯುತ್ತೆ. ಟೂಲ್ ಯಾಕೆ ಹುಟ್ಟಿತು ಅನ್ನೋದೆಲ್ಲ ರೀಡ್‌ಮಿಯಲ್ಲೇ ಇರಲಿ. ಕೋಡ್ ಓದಿದರೆ ತಿಳಿಯುವುದನ್ನು ಏಜೆಂಟ್ ತಾನೇ ಓದಿಕೊಳ್ಳುತ್ತೆ. ಓದಿದರೂ ತಿಳಿಯದಿರುವುದನ್ನು ಮಾತ್ರ ನೀವು ಹೇಳಬೇಕು: ಯಾವ ಡೈರೆಕ್ಟರಿಯಲ್ಲಿ ನಿಂತು ಓಡಿಸಬೇಕು, ಎಷ್ಟು ಹೊತ್ತು ಹಿಡಿಯುತ್ತೆ, ಗೆದ್ದರೆ ಕೊನೆಯ ಸಾಲಿನಲ್ಲಿ ಏನು ಬರುತ್ತೆ. ಹೀಗೆ ಬರೆಯಿರಿ:

"ಟೆಸ್ಟ್‌ಗಳನ್ನು ಬ್ಯಾಕೆಂಡ್ ಡೈರೆಕ್ಟರಿಯಿಂದಲೇ ಓಡಿಸು. ಒಂದು ಟೆಸ್ಟ್‌ಗೆ 20 ಸೆಕೆಂಡ್, ಪೂರ್ತಿ ಸೂಟ್‌ಗೆ 11 ನಿಮಿಷ. ಟೈಮೌಟ್ 15 ನಿಮಿಷ ಇಡು. ಮೊದಲು ಬದಲಾದ ಫೈಲಿನ ಟೆಸ್ಟ್ ಮಾತ್ರ."

ಸಮಯದ ಲೆಕ್ಕ ಇಲ್ಲದಿದ್ದರೆ ಏಜೆಂಟ್‌ನ ಸ್ವಂತ ಟೈಮೌಟ್ ಮೊದಲು ಮುಗಿದು ಕಮಾಂಡ್ ಅರ್ಧಕ್ಕೇ ಸಾಯುತ್ತೆ. ಆಮೇಲೆ ಅದು ಇಲ್ಲದ ಬಗ್ ಹುಡುಕಲು ಹೊರಡುತ್ತೆ.

ಬೇರೆ ಬೇರೆ ಏಜೆಂಟ್ ಬಳಸುವವರಿದ್ದರೆ ಒಂದೇ ವಿಷಯವನ್ನು ಎರಡು ಕಡೆ ಬರೆಯಬೇಡಿ. ಕ್ಲಾಡ್ ಕೋಡ್ ಅನ್ನೋ ಏಜೆಂಟ್‌ಗೆ ಕ್ಲಾಡ್ ಡಾಟ್ ಎಂಡಿ (CLAUDE.md) ಬೇಕು. ಅದರೊಳಗೆ @ ಚಿಹ್ನೆಯ ಜೊತೆ ಏಜೆಂಟ್ಸ್ ಫೈಲಿನ ಹೆಸರು ಬರೆದರೆ ಸಾಕು, ಅದನ್ನೂ ಎಳೆದುಕೊಳ್ಳುತ್ತೆ.

ಪೈಪ್‌ಲೈನ್_ಪಕ್ಕದವರು:
ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಮದ್ದು ಇರೋದು ಟೂಲ್‌ನಲ್ಲೇ, ಡಾಕ್ಯುಮೆಂಟ್‌ನಲ್ಲಿ ಅಲ್ಲ.

ಇಲ್ಲದ ಫ್ಲ್ಯಾಗ್: ಏಜೆಂಟ್ ಅತಿ ಗಮನವಿಟ್ಟು ಓದುವ ಡಾಕ್ಯುಮೆಂಟ್ ಅಂದರೆ ಈಗಷ್ಟೇ ಬಂದ ಎರರ್ ಮೆಸೇಜ್. "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅಂತಷ್ಟೇ ಬಂದರೆ ಅದು ಮತ್ತೊಂದು ಫ್ಲ್ಯಾಗ್ ಊಹಿಸುತ್ತೆ. "ಟಾರ್ಗೆಟ್ ಫ್ಲ್ಯಾಗ್ ಇಲ್ಲ, ಎನ್ವ್ ಫ್ಲ್ಯಾಗ್ ಬಳಸಿ, ಮೌಲ್ಯ ಡೆವ್ ಅಥವಾ ಸ್ಟೇಜ್" ಅಂತ ಬಂದರೆ ಮುಂದಿನ ಸಲವೇ ಸರಿಹೋಗುತ್ತೆ. ಪ್ರತಿ ಸಬ್‌ಕಮಾಂಡ್‌ನ ಹೆಲ್ಪ್‌ನಲ್ಲೂ ಹಾಗೇ ಕಾಪಿ ಮಾಡಿ ಓಡಿಸಬಹುದಾದ ಒಂದೆರಡು ಪೂರ್ತಿ ಉದಾಹರಣೆ ಇರಲಿ. ರೆಪೊದಲ್ಲಿ ಉಳಿದಿರುವ ಹಳೇ ಸ್ಕ್ರಿಪ್ಟ್‌ಗಳನ್ನೂ ಗ್ರೆಪ್ (ಪಠ್ಯ ಹುಡುಕುವ ಕಮಾಂಡ್) ಮಾಡಿ ನೋಡಿ. ಸತ್ತುಹೋದ ಫ್ಲ್ಯಾಗ್‌ಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ನಿಂತುಬಿಡೋದು: ಡಿಪ್ಲಾಯ್ ಎಲ್ಲೋ "ಎಸ್ ಆರ್ ನೋ" ಕೇಳುತ್ತಿರಬೇಕು. ಸ್ಟ್ಯಾಂಡರ್ಡ್ ಇನ್‌ಪುಟ್ ಟರ್ಮಿನಲ್ ಅಲ್ಲದಿದ್ದರೆ ಪ್ರಶ್ನೆ ಕೇಳದೆ, ಯಾವ ಫ್ಲ್ಯಾಗ್ ಬೇಕು ಅಂತ ತಿಳಿಸಿ ಟೂಲ್ ಹೊರಬರಲಿ. ಮೆಸೇಜ್ ಕೊಡದ ಗಿಟ್ ಕಮಿಟ್ ಎಡಿಟರ್ ತೆರೆದು ಕಾಯುವುದೂ ಇದೇ ಜಾತಿಯ ತೊಂದರೆ.

ಸುಳ್ಳು ಪಾಸ್: ಇದು ಬಹುತೇಕ ಪೈಪ್‌ನ ಕೆಲಸ. ಔಟ್‌ಪುಟ್ ಉದ್ದ ಅಂತ ಏಜೆಂಟ್ ಅದನ್ನು, ಕೊನೆಯ ಸಾಲುಗಳನ್ನಷ್ಟೇ ತೋರಿಸುವ ಟೇಲ್ ಕಮಾಂಡ್‌ಗೆ ಪೈಪ್ ಮಾಡುತ್ತೆ, ಅಂದರೆ ದಾಟಿಸುತ್ತೆ. ಆಗ ಬ್ಯಾಷ್ ಶೆಲ್ ಕೊಡೋದು ಟೇಲ್‌ನ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ, 0 ಅಂದರೆ ಗೆದ್ದಿತು), ಅಂದರೆ 0. ಟೆಸ್ಟ್ ಕಮಾಂಡ್ ಕೊಟ್ಟ 1 ಅಲ್ಲೇ ಕಳೆದುಹೋಯಿತು. ಪೈಪ್‌ನ ಯಾವ ಕಮಾಂಡ್ ಫೇಲ್ ಆದರೂ ತಿಳಿಸುವ ಪೈಪ್‌ಫೇಲ್ ಆಯ್ಕೆ ಹಾಕಲು ಹೇಳಿ. ಅದಕ್ಕಿಂತ ಒಳ್ಳೆಯದು, ಫೇಲ್ ಆದವನ್ನಷ್ಟೇ ಪ್ರಿಂಟ್ ಮಾಡುವ ಮೋಡ್ ಟೂಲ್‌ನಲ್ಲೇ ಇರಲಿ, ಪೈಪ್ ಮಾಡುವ ಪ್ರಮೇಯವೇ ಬರೋದಿಲ್ಲ.

ಎಕ್ಸಿಟ್ ಕೋಡ್‌ಗಳನ್ನು ಬರೆದಿಡಿ, ಯಾಕೆಂದರೆ 0 ಅಲ್ಲದ್ದೆಲ್ಲ ದೋಷ ಅಲ್ಲ. ಗ್ರೆಪ್‌ನಲ್ಲಿ 1 ಅಂದರೆ ಸಿಗಲಿಲ್ಲ, 2 ಅಂದರೆ ದೋಷ. ಸರ್ವರ್ ಮುಂತಾದವನ್ನು ಕೋಡ್‌ನಿಂದ ಕಟ್ಟುವ ಟೆರಾಫಾರ್ಮ್‌ನ ಪ್ಲಾನ್ ಕಮಾಂಡ್‌ಗೆ ಡೀಟೇಲ್ಡ್ ಎಕ್ಸಿಟ್‌ಕೋಡ್ ಫ್ಲ್ಯಾಗ್ ಕೊಟ್ಟರೆ 1 ದೋಷ, 2 ಅಂದರೆ ಬದಲಾವಣೆಗಳಿವೆ. ಪೈಥಾನ್ ಟೆಸ್ಟ್ ಓಡಿಸುವ ಪೈಟೆಸ್ಟ್ 5 ಕೊಟ್ಟರೆ ಒಂದು ಟೆಸ್ಟೂ ಸಿಕ್ಕಿಲ್ಲ ಅಂತ.

ಅಕ್ಷರಪಾತ್ರೆ:
ಕನ್ನಡದ ಬಗ್ಗೆ: ಈಗಿನ ದೊಡ್ಡ ಮಾಡೆಲ್‌ಗಳು ಕನ್ನಡದ ಸೂಚನೆ ಅರ್ಥ ಮಾಡಿಕೊಳ್ಳುತ್ತವೆ. ಆದರೆ ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಒಂದೊಂದು ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್. ಒಂದು 'ಕ್ಷ' ಬರೆಯಲು ಕ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ಷ ಸೇರಿ 9 ಬೈಟ್. ಪ್ರತಿ ಸೆಷನ್ನಿಗೂ ಹೋಗುವ ಫೈಲ್ ಇಂಗ್ಲಿಷ್‌ನಲ್ಲಿರಲಿ, ತಂಡ ಓದುವ ರೀಡ್‌ಮಿ ಧಾರಾಳವಾಗಿ ಕನ್ನಡದಲ್ಲಿರಲಿ. ಎರರ್ ಮೆಸೇಜ್‌ಗಳನ್ನು ಮಾತ್ರ ಎಲ್ಲೂ ಅನುವಾದಿಸಬೇಡಿ. ಏಜೆಂಟ್ ಆ ಅಕ್ಷರಗಳನ್ನೇ ಕೋಡ್‌ನಲ್ಲಿ ಹುಡುಕುತ್ತೆ, ಒಂದಕ್ಷರ ಬೇರೆಯಾದರೂ ಸಿಗೋದಿಲ್ಲ.

ಇನ್ನೊಂದು, ಇದು ಬಹಳ ಮುಖ್ಯ. "ಪ್ರೊಡಕ್ಷನ್ ಮುಟ್ಟಬೇಡ" ಅನ್ನೋ ಸಾಲು ಬೀಗ ಅಲ್ಲ. ಏಜೆಂಟ್ ಓಡುವ ಕಡೆ ಪ್ರೊಡಕ್ಷನ್‌ಗೆ ಪ್ರವೇಶ ಕೊಡುವ ಟೋಕನ್ (ಗುಪ್ತ ಕೀಲಿ) ಇಡಲೇಬೇಡಿ.

ಗುಬ್ಬಿಗೂಡು:
ಪೈಪ್‌ನದ್ದೇ ಸರ್, ಲಾಗ್‌ನಲ್ಲಿ ಟೇಲ್ ಕಾಣಿಸ್ತು. ಧನ್ಯವಾದ. ಫೈಲ್ ಕತ್ತರಿಸಿದ ಮೇಲೆ ಸರಿಯಿದೆಯಾ ಅಂತ ನೋಡೋದು ಹೇಗೆ?

ಶೆಲ್_ಚಿಪ್ಪು:
ನಿಮ್ಮ ದಿನನಿತ್ಯದ ಕೆಲಸಗಳಿಂದ ಐದು ಆರಿಸಿ. ಪ್ರತಿಯೊಂದನ್ನೂ ಹೊಸ ಸೆಷನ್‌ನಲ್ಲಿ, ಮೂರು ಮೂರು ಸಲ ಕೊಡಿ. ಏಜೆಂಟ್ ಒಂದೇ ಸೂಚನೆಗೆ ಸಲಸಲಕ್ಕೂ ಬೇರೆ ದಾರಿ ಹಿಡಿಯುವುದರಿಂದ ಒಂದು ಸಲದ ಫಲಿತಾಂಶ ನಂಬೋಕಾಗಲ್ಲ. ಏಜೆಂಟ್ ಎಡವಿದ ಜಾಗಕ್ಕೆ ಒಂದೇ ಸಾಲು ಸೇರಿಸಿ ಮತ್ತೆ ಓಡಿಸಿ. ಯಾವ ಸಾಲು ತೆಗೆದರೂ ಕೆಲಸ ಕೆಡುವುದಿಲ್ಲವೋ ಅದನ್ನು ಅಳಿಸಿ. ಫೈಲ್‌ನಲ್ಲಿರುವ ಬಿಲ್ಡ್, ಟೆಸ್ಟ್ ಕಮಾಂಡ್‌ಗಳನ್ನು ಸಿಐನಲ್ಲೂ (ಕೋಡ್ ಬದಲಾದಾಗೆಲ್ಲ ತಾನಾಗೇ ಪರೀಕ್ಷಿಸುವ ವ್ಯವಸ್ಥೆ) ಓಡಿಸಿ. ಫ್ಲ್ಯಾಗ್ ಹೆಸರು ಬದಲಾದ ದಿನವೇ ಗೊತ್ತಾಗುತ್ತೆ.