ಬೆಳಿಗ್ಗೆ ಸ್ಪಷ್ಟ, ಮಧ್ಯಾಹ್ನ ಮಸುಕು: ಥರ್ಮಲ್ ಕ್ಯಾಮೆರಾ ಏಕೆ ಹೀಗೆ?

ಪ್ರಶ್ನೆ (ಚಾಕಣ, ಪುಣೆ): ನಮಸ್ಕಾರ ಸರ್. ಫೋರ್ಜಿಂಗ್ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕುಲುಮೆಯ ಬಾಗಿಲಿಗೆ ಎದುರಾಗಿ, ಕಾವನ್ನೇ ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ನಿಲ್ಲಿಸಿದ್ದೇವೆ, 50 ಮಿ.ಮೀ. ಸಂಗಮ ದೂರದ ಜರ್ಮೇನಿಯಂ ಮಸೂರ, ಎಫ್/1 (ತೆರವಿನ ಅಗಲವೂ ಅಷ್ಟೇ). ಡಿಸೆಂಬರ್ ಬೆಳಗಿನ 12 ಡಿಗ್ರಿ ಚಳಿಯಲ್ಲಿ ಫೋಕಸ್ ಮಾಡಿ ತಿರುಪು ಬಿಗಿಯುತ್ತೇನೆ. ಮಧ್ಯಾಹ್ನ ಕ್ಯಾಮೆರಾದ ಮೈ 45ಕ್ಕೆ ಏರಿದಾಗ ಬಾಗಿಲಿನ ಬೋಲ್ಟುಗಳೆಲ್ಲ ಕಲಸಿ ಒಂದೇ ಮುದ್ದೆಯಾಗಿ ಕಾಣುತ್ತವೆ. ಎರಡು ಬಾರಿ ದುರಸ್ತಿಗೆ ಕಳಿಸಿದೆ. ದೋಷವಿಲ್ಲ ಎಂದು ಹಾಗೆಯೇ ಮರಳಿಸಿದರು.

ಉತ್ತರ: ಅವರನ್ನು ಬೈಯಬೇಡಿ. ಅವರು ಪರೀಕ್ಷಿಸಿದ್ದು ಎ.ಸಿ. ಕೋಣೆಯಲ್ಲಿ. ಅಲ್ಲಿ ಅದು ಸರಿಯಾಗಿಯೇ ಇರುತ್ತದೆ.

ಕಾವೇರಿದಾಗ ಯಾವುದೇ ಮಸೂರದೊಳಗೆ ಎರಡು ಶಕ್ತಿಗಳು ಜಗ್ಗಾಡುತ್ತವೆ. ವಸ್ತು ಹಿಗ್ಗಿ ಸಾಂದ್ರತೆ ಇಳಿಯುವುದರಿಂದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಬಲದ ಅಳತೆ) ತಗ್ಗುತ್ತದೆ. ಇನ್ನೊಂದೆಡೆ, ಅದು ಬೆಳಕನ್ನು ಹೀರತೊಡಗುವ ಅಂಚು ಉದ್ದ ತರಂಗಗಳತ್ತ ಸರಿಯುವುದರಿಂದ ಸೂಚ್ಯಂಕ ಏರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಹಿಗ್ಗುವಿಕೆಯೇ ಗೆಲ್ಲುತ್ತದೆ: ಡಿಗ್ರಿಗೆ ಸುಮಾರು 0.0001 ಇಳಿಕೆ. ಸಿಲಿಕಾ ಗಾಜಿನದು ಅದರ ಹತ್ತನೆಯ ಒಂದು ಪಾಲು, ಅದೂ ಏರಿಕೆ. ಜರ್ಮೇನಿಯಂ ಮಾತ್ರ ಮಹಾ ಚಂಚಲ. ಡಿಗ್ರಿಗೆ 0.0004ರಷ್ಟು ಏರುತ್ತದೆ. ಸೂಚ್ಯಂಕ 4 ಇರುವ ವಸ್ತುವಿಗೆ ಅದೇನು ಮಹಾ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ: 33 ಡಿಗ್ರಿ ಏರಿದರೆ ನಿಮ್ಮ ಮಸೂರದ ಸಂಗಮ ದೂರ, ಅಂದರೆ ಮಸೂರದಿಂದ ಕಿರಣಗಳು ಕೂಡುವ ಬಿಂದುವಿಗಿರುವ ದೂರ, ಸುಮಾರು 0.2 ಮಿ.ಮೀ. ಕುಗ್ಗುತ್ತದೆ. ಅಲ್ಯೂಮಿನಿಯಂ ಕೊಳವೆ ಅದೇ ಹೊತ್ತಿಗೆ ಉದ್ದವಾಗುವುದರಿಂದ ಆ ಬಿಂದುವಿಗೂ ಕ್ಯಾಮೆರಾದ ಸಂವೇದಕಕ್ಕೂ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆ. ಇಂಥ ಕ್ಯಾಮೆರಾ ನೋಡುವ 10 ಮೈಕ್ರೋಮೀಟರ್ ತರಂಗದಲ್ಲಿ ಎಫ್/1 ಮಸೂರ ಸಹಿಸುವುದೇ ಆಚೀಚೆ 0.02 ಮಿ.ಮೀ.

ಮಸುಕಿಗಿಂತ ನನಗೆ ಹೆದರಿಕೆ ಬೇರೆಯದರದು. ಫೋಕಸ್ ತಪ್ಪಿದಾಗ ಸಣ್ಣ ಬಿಸಿ ಚುಕ್ಕೆಯ ಕಾವು ಸುತ್ತಲೂ ಹರಡಿ, ಓದಿಕೆ ನಿಜಕ್ಕಿಂತ ಕಡಿಮೆ ಬರುತ್ತದೆ. ಆದ್ದರಿಂದ ಕ್ಯಾಮೆರಾ ಅಲ್ಲಿಯೇ ಒಂದೆರಡು ಗಂಟೆ ಬಿಸಿಯಾದ ಮೇಲೆ ಫೋಕಸ್ ಮಾಡಿ, ಮಸೂರದ ಮುಂದೆ ಮಾತ್ರ ತೆರವು ಬಿಟ್ಟು ಕ್ಯಾಮೆರಾದ ಮೈಗೂ ಕುಲುಮೆಗೂ ನಡುವೆ ಒಂದು ತಗಡಿನ ಮರೆ ಕಟ್ಟಿಸಿ. ಜರ್ಮೇನಿಯಂ 100 ಡಿಗ್ರಿ ದಾಟಿದರೆ ಪಾರದರ್ಶಕತೆಯನ್ನೇ ಕಳೆದುಕೊಳ್ಳತೊಡಗುತ್ತದೆ. ಮುಂದೆ ಹೊಸದನ್ನು ಕೊಳ್ಳುವಾಗ ಕಾವೇರಿದರೂ ಫೋಕಸ್ ತಪ್ಪದ ಅಥರ್ಮಲ್ ಮಸೂರವನ್ನೇ ಕೇಳಿ.

ಪ್ರಶ್ನೆ (ದಾದರ್, ಮುಂಬೈ): ಎ.ಸಿ. ಲೋಕಲ್‌ನಿಂದ ಇಳಿದೊಡನೆ ನನ್ನ ಕನ್ನಡಕವೂ ಮಸುಕಾಗುತ್ತದೆ ಸರ್. ಪ್ಲಾಸ್ಟಿಕ್ ಮಸೂರ. ಅದಕ್ಕೂ ಇದೇ ಕಾರಣವೇ?

ಉತ್ತರ: ಅಲ್ಲ ತಾಯಿ, ಅದು ತಣ್ಣಗಿನ ಮಸೂರದ ಮೇಲೆ ಮುಂಬೈಯ ತೇವ ಕೂತಿದ್ದು. ಒರೆಸಿದರೆ ಹೋಗುತ್ತದೆ. ಕಾವಿನಿಂದ 2 ಡಯಾಪ್ಟರ್ (ಕನ್ನಡಕದ ನಂಬರು 2) ಮಸೂರ ಬದಲಾಗುವುದು 0.02ರೊಳಗೆ, ಕನ್ನಡಕದ ನಂಬರು ಬದಲಾಗುವುದೇ 0.25ರ ಹೆಜ್ಜೆಯಲ್ಲಿ.

ಚಾಕಣದವರು ಮತ್ತೆ: ಇಂದು ಮಧ್ಯಾಹ್ನ 2 ಗಂಟೆಗೆ ಫೋಕಸ್ ಮಾಡಿದೆ ಸರ್. ಬೋಲ್ಟುಗಳನ್ನು ಎಣಿಸಬಹುದು. ಹನ್ನೊಂದೇ ಇವೆ. ಹನ್ನೆರಡನೆಯದು ಎಂದು ಬಿದ್ದುಹೋಯಿತೋ, ಈಗ ಹುಡುಕಿಸುತ್ತಿದ್ದೇನೆ.