ಅಪ್‌ಡೇಟ್: ಹಳೆ ಡೀಸೆಲ್ ಪಿಕಪ್ ನಡುಗುತ್ತಿದ್ದದ್ದು ಕ್ಲಚ್‌ನಿಂದ ಅಲ್ಲ

ಮಲ್ಪೆಯಿಂದ ಮೀನು ತುಂಬಿಕೊಂಡು ಮಣಿಪಾಲ ಏರಿನಲ್ಲಿ ಫಸ್ಟ್ ಗೇರಲ್ಲಿ ಎತ್ತುವಾಗ ಗಾಡಿಯ ಹಿಂಭಾಗ ದಡದಡ ನಡುಗುತ್ತದೆ ಅಂತ ಇಲ್ಲಿ ಕೇಳಿದ್ದೆ ಅಲ್ವಾ, ಈಗ ಸರಿಯಾಯ್ತು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಹೊಸತು ಹಾಕಿಸಿದರೂ ಹೋಗಲಿಲ್ಲ. ಇಂಜಿನ್ ಮೌಂಟಿಂಗ್ ಗಟ್ಟಿಯಾಗಿಯೇ ಇತ್ತು. "ಪೆಡಲ್ ಪೂರ್ತಿ ಬಿಟ್ಟ ಮೇಲೂ ನಡುಗಿದರೆ ಹಿಂದಿನ ಯು ಬೋಲ್ಟ್ ನೋಡಿ" ಅಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್, ಅದೇ ನಿಜ. (ಯು ಬೋಲ್ಟ್ ಅಂದರೆ ಹಿಂದಿನ ಆಕ್ಸಲನ್ನು ಸ್ಪ್ರಿಂಗ್ ಪಟ್ಟೆಗೆ ಬಿಗಿದಿಡುವ U ಆಕಾರದ ಬೋಲ್ಟ್.) ಲೋಡ್ ಹಾಕಿ ಎತ್ತುವಾಗ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಿದರು. ಹಿಂದಿನ ಆಕ್ಸಲಿನ ಹೌಸಿಂಗ್ (ಹೊರಕವಚ) ಮೂತಿ ಮೇಲೆದ್ದು ಮತ್ತೆ ಬೀಳುತ್ತಿತ್ತು. ಐಸಿನ ಉಪ್ಪು ನೀರು ಇಳಿದಿಳಿದು ಯು ಬೋಲ್ಟಿನ ಥ್ರೆಡ್ ತುಕ್ಕು ತಿಂದಿತ್ತು, ಎಡಗಡೆ ಸ್ಪ್ರಿಂಗ್ ಪಟ್ಟೆಗಳನ್ನು ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಎರಡನ್ನೂ ಬದಲಾಯಿಸಿದೆವು. ಹೌಸಿಂಗ್ ತಿರುಚಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟ್ ಜಾಯಿಂಟಿನ ಕೋನ ಬದಲಾಗಿ ಕ್ಲಚ್ಚೇ ನಡುಗಿದ ಹಾಗಾಗುತ್ತದೆ, ಇದು ನನಗೆ ಹೊಸ ವಿಷಯ. ಹೊಸ ಯು ಬೋಲ್ಟ್ ಹಾಕಿದರೆ ಸ್ವಲ್ಪ ಓಡಿಸಿ ಮತ್ತೊಮ್ಮೆ ಟೈಟ್ ಮಾಡಿಸಿ. ಮೀನು ಗಾಡಿಯವರು ದಿನಾ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ.